ಕಾಕಾನ ಹಿಮ್ಮಡಿ, ನಮ್ಮ ಸುದ್ದಿ

ದೀಪಾವಳಿ ಮುಗಿದು ನಾಲ್ಕೈದು ದಿನ ಆಗಿತ್ತು. ಬೆಳಿಗ್ಗೆ ಆರೂವರೆಗೆ ಹಾಲು ತರಲು ಹೊರಟಿದ್ದೆವು. ಓಣಿಯ ತುದಿಯಲ್ಲಿ ಕಾಕಾ ತಮ್ಮ ಮನೆ ಕಟ್ಟೆಯಿಂದ ಇಳಿಯುತ್ತಿದ್ದರು. ಒಂದು ಕೈ ಗೋಡೆಗೆ ಕೊಟ್ಟು, ಅಡ್ಡ ತಿರುಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ಇಳಿಯುತ್ತಿದ್ದರು. ಮೂರೇ ಮೆಟ್ಟಿಲು. ಕೆಳಗೆ ಬರುವಷ್ಟರಲ್ಲಿ ನಮ್ಮ ಗಾಡಿ ಅವರ ಮನೆ ದಾಟಿ ಹೋಗಿತ್ತು. ತಿರುಗಿಸಿಕೊಂಡು ಬಂದೆವು.

"ಏನಾತು ಕಾಕಾ?"

"ಏನಿಲ್ಲೋ ತಮ್ಮಾ. ಹಿಮ್ಮಡಿ ಹಿಂದ ಸ್ವಲ್ಪ ಹಿಡಕೊಂಡಂಗ ಆಗೇತಿ. ನಾಕ್ ಹೆಜ್ಜಿ ನಡದ್ರ ಬಿಡತೈತಿ."

ನಾಲ್ಕು ತಿಂಗಳ ಹಿಂದೆ ಇದೇ ಕಟ್ಟೆಯ ಮುಂದೆ ನಿಲ್ಲಿಸಿ ಅವರ ಫೋಟೊ ತೆಗೆದವರು ನಾವೇ. ಆ ಫೋಟೊ ಜಿಲ್ಲಾ ಪುಟದಲ್ಲಿ ಮೂರು ಕಾಲಂ ಬಂದಿತ್ತು.

ಕಾಕಾ ಅಂದರೆ ಹಾವೇರಿ ಜಿಲ್ಲೆಯ ನಮ್ಮೂರಿನ ಹಳೇ ಟಪಾಲು ಕಾಕಾ. ನಮ್ಮೂರು ಮತ್ತು ಸುತ್ತಲಿನ ಮೂರು ಹಳ್ಳಿಗಳಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಗದ, ಮನಿಯಾರ್ಡರ್, ಪಿಂಚಣಿ ಹಂಚಿದವರು. ನಿವೃತ್ತಿಯಾದ ಮೇಲೆ ರಕ್ತ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ನಡೆಯಿರಿ ಅಂದರು. ಇವರು ನಡೆಯುತ್ತ ನಡೆಯುತ್ತ ಓಡತೊಡಗಿದರು. ಕೆರೆ ಏರಿಯ ಮೇಲೆ ಹೋಗಿ ಬಂದರೆ ನಾಲ್ಕು ಕಿಲೊಮೀಟರ್. ವಾರಕ್ಕೆ ಮೂರು ಸಲ, ಯಾರಿಗೂ ಹೇಳದೆ, ಹಳೇ ಕ್ಯಾನ್ವಾಸ್ ಬೂಟಿನಲ್ಲಿ. ಸಕ್ಕರೆಯೂ ಹತೋಟಿಗೆ ಬಂದಿತ್ತು.

ಜುಲೈನಲ್ಲಿ ಒಂದು ದಿನ ನಮಗೆ ಸುದ್ದಿ ಇರಲಿಲ್ಲ. ನಮ್ಮಂಥ ಬಿಡಿ ವರದಿಗಾರರಿಗೆ ಸುದ್ದಿ ಇಲ್ಲದ ದಿನ ಅಂದರೆ ದುಡ್ಡಿಲ್ಲದ ದಿನ. ಜಿಟಿಜಿಟಿ ಮಳೆಯಲ್ಲಿ ಏರಿಯ ಮೇಲೆ ಓಡುತ್ತಿದ್ದ ಕಾಕಾನನ್ನು ನಿಲ್ಲಿಸಿ ಮಾತಾಡಿಸಿದೆವು. 63ರ ಹರೆಯ ಅಂತ ಬರೆದೆವು. 2011ರಲ್ಲಿ ಟೊರಾಂಟೊದಲ್ಲಿ ನೂರರ ವಯಸ್ಸಿನಲ್ಲಿ ಮ್ಯಾರಥಾನ್ ಮುಗಿಸಿದರು ಅನ್ನಲಾಗುವ ಪಂಜಾಬಿನ ಫೌಜಾ ಸಿಂಗ್ ಅವರ ಹೆಸರನ್ನೂ ಸೇರಿಸಿದೆವು. ವಯಸ್ಸು ಬರೀ ಅಂಕಿ ಅಂತ ಮುಗಿಸಿದೆವು. ಕೊನೆಯ ಈ ಸಾಲು ಕಾಕಾ ಹೇಳಿದ್ದಲ್ಲ, ನಾವು ಹೇಳಿಸಿದ್ದು.

ಪುಟ ಬಂದ ದಿನದಿಂದ ಕಾಕಾನ ಓಟ ಊರಿನ ಆಸ್ತಿಯಾಯಿತು. ಶಾಲೆಯವರು ಕರೆದು ಶಾಲು ಹೊದಿಸಿದರು. ಬೆಂಗಳೂರಲ್ಲಿರುವ ಅಳಿಯ ಹೊಸ ಬೂಟು ಕಳಿಸಿದರು, ತೆಳು ಅಟ್ಟೆಯದು, ಹಗುರಾದದ್ದು. ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ 10 ಕಿಲೊಮೀಟರ್ ಓಟ ಇದೆ, ಹಿರಿಯರ ವಿಭಾಗವೂ ಇದೆ ಅಂತ ಯಾರೋ ಹೆಸರು ಬರೆಸಿದರು. ನಾಲ್ಕು ಕಿಲೊಮೀಟರ್ ಇದ್ದದ್ದು ಒಂದೂವರೆ ತಿಂಗಳಲ್ಲಿ ಹತ್ತಾಯಿತು. ಮಣ್ಣಿನ ಏರಿ ಬಿಟ್ಟು ಡಾಂಬರು ರಸ್ತೆ, ಮೂರು ದಿನ ಇದ್ದದ್ದು ಆರು ದಿನ. ಓಡುವುದನ್ನು ನೋಡಲು ಹುಡುಗರು ಬೇರೆ ಬೈಕ್ ಮೇಲೆ ಹಿಂದೆ ಬರುತ್ತಿದ್ದರು. ನಿಲ್ಲುವ ಹಾಗಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಬಲಗಾಲಿನ ಹಿಮ್ಮಡಿಯ ಮೇಲೆ ನಾಲ್ಕು ಬೆರಳು ಅಳತೆಯಲ್ಲಿ ನೋವು ಶುರುವಾಗಿತ್ತು. ನಮಗೆ ಗೊತ್ತಾದದ್ದು ದೀಪಾವಳಿ ಆದ ಮೇಲೆ.

ಅಷ್ಟರಲ್ಲಿ ಅವರು ಮಾಡದ ಉಪಾಯ ಇರಲಿಲ್ಲ. ಎಣ್ಣೆ ಹಚ್ಚಿ ತಿಕ್ಕಿಸಿದ್ದರು. ಬಿಸಿ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ನೋವಿನ ಗುಳಿಗೆ ನುಂಗಿದ್ದರು. ಮೂರು ವಾರ ಪೂರ್ತಿ ಮಲಗಿ ನೋಡಿದ್ದರು. ಮಲಗಿದಾಗ ನೋವು ಹೋಗಿತ್ತು, ಎದ್ದು ಎರಡು ದಿನ ಓಡಿದ ಕೂಡಲೇ ಮರಳಿ ಬಂದಿತ್ತು. ಕೊನೆಗೆ ಒಂದು ಕಡೆ, "ಒಂದ ಸೂಜಿ, ಎರಡು ದಿನದಾಗ ಓಡ್ತೀರಿ" ಅಂದಿದ್ದರಂತೆ. ಸೋಮವಾರ ಆ ಸೂಜಿ ಹಾಕಿಸಿಕೊಳ್ಳಲು ಹೋಗುವವರಿದ್ದರು. ನಾವು ನೋಡಿದ್ದು ಶನಿವಾರ.

ನಮಗೆ ವೈದ್ಯ ಗೊತ್ತಿಲ್ಲ. ಆದರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಮೇಡಂ ಒಬ್ಬರು ಹಿಂದೆ ಬೇರೆ ಸುದ್ದಿಗೆ ಮಾತಾಡಿದ್ದರು. ಫೋನ್ ಮಾಡಿದೆವು. "ಸೂಜಿ ಹಾಕಿಸೋದಕ್ಕಿಂತ ಮೊದಲು ಒಮ್ಮೆ ತೋರಿಸಿ" ಅಂದರು. ಸೋಮವಾರ ಕಾಕಾನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೋದೆವು.

ಮೇಡಂ ಮೊದಲು ಮಾಡಿದ ಕೆಲಸ ಬೆರಳಿನಿಂದ ಒತ್ತಿ ನೋಡಿದ್ದು. ಹಿಮ್ಮಡಿ ಮೂಳೆಗೆ ಒತ್ತಿದರು, ನೋವಿಲ್ಲ. ಸ್ವಲ್ಪ ಮೇಲೆ ಎರಡು ಬೆರಳಲ್ಲಿ ಹಿಡಿದು ಚಿವುಟಿದಂತೆ ಒತ್ತಿದರು, ಕಾಕಾ ಕಾಲು ಎಳೆದುಕೊಂಡರು. ಅಲ್ಲಿ ಎಡಗಾಲಿಗಿಂತ ದಪ್ಪ ಇತ್ತು, ಅಡಿಕೆ ಒಳಗೆ ಕೂತಂತೆ. ಆಮೇಲೆ ಗೋಡೆ ಹಿಡಿದು ಒಂದೇ ಕಾಲಲ್ಲಿ ತುದಿಗಾಲಿನ ಮೇಲೆ ಏಳಲು ಹೇಳಿದರು. ಎಡಗಾಲಲ್ಲಿ 17 ಸಲ ಎದ್ದರು. ಬಲಗಾಲಲ್ಲಿ ಆರಕ್ಕೆ ನಿಂತರು.

"ಅಜ್ಜಾರ, ಇದು ನೋವಿನ ತೊಂದರೆ ಅಷ್ಟೇ ಅಲ್ಲ. ಈ ಕಾಲಿಗೆ ಶಕ್ತಿ ಇಲ್ಲ" ಅಂದರು ಮೇಡಂ.

ಅಜ್ಜಾರ ಅಂದದ್ದಕ್ಕೆ ಕಾಕಾನ ಮುಖ ಸಣ್ಣದಾಯಿತು. ಪೇಪರಿನಲ್ಲಿ ಹರೆಯ ಅಂತ ಓದಿದ್ದರಲ್ಲ.

ಮೇಡಂ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇವೆ.

ಹಿಮ್ಮಡಿಯ ಹಿಂದೆ ಕೈಗೆ ಸಿಗುವ ಗಟ್ಟಿ ಹುರಿ ಇದೆಯಲ್ಲ, ಅದಕ್ಕೆ ನಾವು ನರ ಅನ್ನುತ್ತೇವೆ. ಅದು ನರವಲ್ಲ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟುವ ಹಗ್ಗ. ಪುಸ್ತಕದಲ್ಲಿ ಸ್ನಾಯುರಜ್ಜು ಅನ್ನುತ್ತಾರೆ. ಇದರ ಹೆಸರು ಅಕಿಲಿಸ್. ಗ್ರೀಕರ ಕಥೆಯಲ್ಲಿ ಅಕಿಲಿಸ್ ಅಂತ ಒಬ್ಬ ವೀರ. ತಾಯಿ ಅವನನ್ನು ಹಿಮ್ಮಡಿ ಹಿಡಿದು ಮಾಯದ ನದಿಯಲ್ಲಿ ಮುಳುಗಿಸಿದಳಂತೆ. ಮೈಯೆಲ್ಲ ವಜ್ರವಾಯಿತು, ಹಿಡಿದ ಜಾಗ ಮಾತ್ರ ಒಣಗಿ ಉಳಿಯಿತು. ಬಾಣ ಅಲ್ಲಿಗೇ ಬಿತ್ತು. ನಮ್ಮ ಕೃಷ್ಣನಿಗೂ ಕೊನೆಗೆ ಬೇಡನ ಬಾಣ ತಾಗಿದ್ದು ಪಾದಕ್ಕೇ ತಾನೆ.

ಕಥೆಯಲ್ಲಿ ದುರ್ಬಲ ಜಾಗ ಆದರೂ ಮೈಯಲ್ಲಿರುವ ಇಂಥ ಹುರಿಗಳಲ್ಲೆಲ್ಲ ದಪ್ಪ ಮತ್ತು ಬಲವಾದದ್ದು ಇದೇ. ಓಡುವಾಗ ಒಂದೊಂದು ಹೆಜ್ಜೆಗೂ ಇದರ ಮೇಲೆ ಮೈತೂಕದ ಆರರಿಂದ ಎಂಟು ಪಟ್ಟು ಎಳೆತ ಬೀಳುತ್ತದೆ ಅಂತ ಅಂದಾಜು. ಕಾಕಾನ ತೂಕ 62 ಕೆ.ಜಿ. ಅಂದರೆ ನಾಲ್ಕೈದು ಕ್ವಿಂಟಲ್. ಒಂದು ಕಿಲೊಮೀಟರಿಗೆ ನೂರಾರು ಸಲ, ಒಂದೊಂದು ಕಾಲಿಗೆ.

ವಯಸ್ಸಾದವರಿಗೆ ತೊಂದರೆ ಬರುವುದು ಇಲ್ಲಿ. ಓಡಲು ಶುರು ಮಾಡಿದರೆ ಉಸಿರು ಕೆಲವೇ ವಾರದಲ್ಲಿ ಹೊಂದಿಕೊಳ್ಳುತ್ತದೆ, ಸ್ನಾಯುವೂ ಬೇಗ ಒಗ್ಗುತ್ತದೆ. ಹುರಿ ಮಾತ್ರ ನಿಧಾನ. ಅದಕ್ಕೆ ರಕ್ತದ ಹರಿವು ಕಡಿಮೆ, ಒಳಗಿನ ನಾರು ಹೊಸದಾಗಲು ತಿಂಗಳುಗಟ್ಟಲೆ ಬೇಕು. ವಯಸ್ಸಾದಂತೆ ಮೀನಖಂಡದ ಬಲವೂ ಇಳಿಯುತ್ತದೆ, ಆ ಬಾರವೂ ಹುರಿಯ ಮೇಲೇ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ನಿಧಾನ. "ಎದೆ ಓಡು ಅಂತದ, ಹುರಿ ತಡಿ ಅಂತದ. ನೀವು ಎದೆಯ ಮಾತು ಕೇಳಿದ್ರಿ" ಅಂದರು ಮೇಡಂ.

ಎದೆಯ ಮಾತಲ್ಲ, ಪೇಪರಿನ ಮಾತು ಅಂತ ನಮಗೆ ಅನಿಸಿತು. ಹೇಳಲಿಲ್ಲ.

ಇದು ಬಾವು ಅಲ್ಲ ಅಂತಲೂ ಹೇಳಿದರು. ಮುಂಚೆ ಡಾಕ್ಟರುಗಳೂ ಬಾವು ಅಂದುಕೊಂಡಿದ್ದರು, ಅದಕ್ಕೆ ಬಾವಿನ ಗುಳಿಗೆ ಕೊಡುತ್ತಿದ್ದರು. ಈಗ ತಿಳಿದಿರುವುದೇನೆಂದರೆ, ತಾಳಲಾರದ ಎಳೆತಕ್ಕೆ ನಾರಿನ ಹೆಣಿಗೆ ಕೆಟ್ಟು ಹುರಿ ದಪ್ಪವಾಗುತ್ತದೆ. ಗುಳಿಗೆ ನೋವನ್ನು ಮರೆಸಬಹುದು, ಹೆಣಿಗೆ ಸರಿಮಾಡುವುದಿಲ್ಲ. ಮಲಗಿದರೆ ನೋವು ಕಡಿಮೆಯಾಗುತ್ತದೆ, ಆದರೆ ಕೆಲಸವಿಲ್ಲದ ಹುರಿ ಇನ್ನೂ ಮೆತ್ತಗಾಗುತ್ತದೆ. ಎದ್ದು ಓಡಿದ ಕೂಡಲೇ ಮತ್ತೆ ಅದೇ. ಹುರಿಗೆ ಬೇಕಾದದ್ದು ಬಾರ, ಅಳೆದು ಕೊಟ್ಟ ಬಾರ, ನಿಧಾನವಾಗಿ ಏರಿಸಿದ ಬಾರ.

ಸೂಜಿಯ ವಿಷಯ ಕೇಳಿದೆವು. ಸ್ಟೆರಾಯ್ಡ್ ಸೂಜಿಯನ್ನು ಈ ಹುರಿಗೆ ಹಾಕಿದರೆ ನೋವು ಬೇಗ ಹೋಗಬಹುದು, ಆದರೆ ಹುರಿ ದುರ್ಬಲವಾಗಿ ಹರಿಯುವ ಅಪಾಯ ಇದೆ ಅಂದರು. ನೋವಿಲ್ಲ ಅಂತ ಕಾಕಾ ಮರುದಿನವೇ ಓಡುವವರು. ಏನಾಗುತ್ತಿತ್ತೋ.

ಇನ್ನೊಂದು ಪ್ರಶ್ನೆ ಕೇಳಿದರು. ಈಚೆಗೆ ಬೇರೆ ಯಾವುದಾದರೂ ಗುಳಿಗೆ ತೊಗೊಂಡಿದ್ರಾ? ಕಾಕಾ ಆಗಸ್ಟ್‌ನಲ್ಲಿ ಉರಿಮೂತ್ರಕ್ಕೆ ಒಂದು ವಾರ ಗುಳಿಗೆ ನುಂಗಿದ್ದರು. ಖಾಲಿ ಹಾಳೆ ಚಿಗವ್ವನ ಡಬ್ಬಿಯಲ್ಲಿ ಇತ್ತು, ಫೋನ್ ಮಾಡಿ ಓದಿಸಿದೆವು. ಸಿಪ್ರೊಫ್ಲಾಕ್ಸಾಸಿನ್. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಗುಂಪಿನ ಗುಳಿಗೆಗಳು ಈ ಹುರಿಗೆ ತೊಂದರೆ ಕೊಡಬಲ್ಲವು. 60 ದಾಟಿದವರಿಗೆ, ಜೊತೆಗೆ ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಅಪಾಯ ಹೆಚ್ಚು. 2008ರಲ್ಲಿ ಅಮೆರಿಕದ ಔಷಧ ಇಲಾಖೆ ಈ ಗುಳಿಗೆಗಳ ಮೇಲೆ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿತು. ಕಾಕಾನ ನೋವಿಗೆ ಅದೇ ಕಾರಣ ಅಂತ ಮೇಡಂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಆ ಗುಳಿಗೆ ಬೇಕಾದ ಕಾಯಿಲೆಗೆ ಬೇಕೇ ಬೇಕು. ಆದರೆ ಹಿಮ್ಮಡಿ ನೋವಿರುವ ಹಿರಿಯರು, ಡಾಕ್ಟರು ಗುಳಿಗೆ ಬರೆಯುವಾಗ ಆ ನೋವಿನ ಮಾತನ್ನೂ ಹೇಳಬೇಕು.

ಆಮೇಲೆ ವ್ಯಾಯಾಮ ಕಲಿಸಿದರು. ಯಂತ್ರ ಇಲ್ಲ, ಖರ್ಚಿಲ್ಲ. ಬೇಕಾದದ್ದು ಬಾಗಿಲ ಚೌಕಟ್ಟು, ಒಂದು ಕುರ್ಚಿ ಮತ್ತು ಮೊಬೈಲ್ ಗಡಿಯಾರ.

ಮೊದಲ ಹಂತ, ಎದ್ದು ನಿಲ್ಲುವುದು. ಚೌಕಟ್ಟು ಹಿಡಿದು ಎರಡೂ ಕಾಲಿನ ಹಿಮ್ಮಡಿ ಎತ್ತಿ ತುದಿಗಾಲಿನ ಮೇಲೆ ನಿಲ್ಲಬೇಕು. 45 ಸೆಕೆಂಡ್ ಅಲ್ಲಾಡದೆ. ಇಳಿದು ಒಂದೆರಡು ನಿಮಿಷ ವಿಶ್ರಾಂತಿ. ಹೀಗೆ ಐದು ಸಲ, ದಿನಾ. 45 ಆಗದಿದ್ದರೆ 20ರಿಂದ ಶುರು. ಕಾಕಾಗೆ ಇದು ಎರಡು ವಾರ ನಡೆಯಿತು.

ಎರಡನೇ ಹಂತ, ಏಳುವುದು ಇಳಿಯುವುದು. ಎರಡೂ ಕಾಲಲ್ಲಿ, ಮೂರು ಎಣಿಸುತ್ತ ಮೇಲೆ, ಮೂರು ಎಣಿಸುತ್ತ ಕೆಳಗೆ. 15 ಸಲ ಮಾಡಿ ವಿಶ್ರಾಂತಿ, ಹೀಗೆ ಮೂರು ಸುತ್ತು. ದಿನ ಬಿಟ್ಟು ದಿನ. ಇದನ್ನು ಎರಡು ರೀತಿ ಮಾಡಬೇಕು: ಮೊಣಕಾಲು ನೆಟ್ಟಗೆ ಇಟ್ಟು ಒಮ್ಮೆ, ಕುರ್ಚಿಯ ಮೇಲೆ ಕೂತು ಮೊಣಕಾಲು ಮಡಚಿ ಒಮ್ಮೆ. ಯಾಕೆಂದರೆ ಈ ಹುರಿಗೆ ಸೇರುವ ದೊಡ್ಡ ಸ್ನಾಯುಗಳು ಎರಡು. ಹೊರಗಿನದು ಮೊಣಕಾಲಿನ ಮೇಲಿಂದ ಬರುತ್ತದೆ, ಕಾಲು ನೆಟ್ಟಗಿದ್ದಾಗ ಹೆಚ್ಚು ದುಡಿಯುತ್ತದೆ. ಒಳಗಿನದು ಮೊಣಕಾಲಿನ ಕೆಳಗಿಂದ ಶುರು, ಮಡಚಿದಾಗ ಅದರ ಪಾಳಿ. ಓಟದಲ್ಲಿ ಒಳಗಿನದರ ಕೆಲಸ ಬಹಳ. ಕೂತು ಮಾಡುವಾಗ ತೊಡೆಯ ಮೇಲೆ ಮೊಣಕಾಲಿನ ಹತ್ತಿರ ತೂಕ ಇಟ್ಟುಕೊಳ್ಳಬೇಕು.

ಮೂರನೇ ಹಂತ, ಒಂಟಿ ಕಾಲು. ಮೊದಲು ಎರಡು ಕಾಲಲ್ಲಿ ಎದ್ದು, ನೋವಿನ ಕಾಲೊಂದರಲ್ಲೇ ನಿಧಾನ ಇಳಿಯುವುದು. ಅದು ಸಲೀಸಾದ ಮೇಲೆ ಏಳುವುದೂ ಒಂದೇ ಕಾಲಲ್ಲಿ. ಮೆಟ್ಟಿಲ ಅಂಚಿನ ಮೇಲೆ ಪಾದದ ಮುಂಭಾಗ ಇಟ್ಟು ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಗೆ ಇಳಿಸಬಹುದು, ಕೈಯಲ್ಲಿ ಗೋಡೆ ಇರಬೇಕು. ಆಮೇಲೆ ಹೆಗಲಿಗೆ ತೂಕ. ತೂಕ ಏರಿದಂತೆ ಎಣಿಕೆ ಇಳಿಸಬೇಕು, 15 ಇದ್ದದ್ದು 12, ಆಮೇಲೆ ಎಂಟು.

ಇಲ್ಲಿ ಒಂದು ಎಚ್ಚರಿಕೆ. ಕಾಕಾನ ನೋವು ಹುರಿಯ ನಡುವೆ ಇತ್ತು. ಕೆಲವರಿಗೆ ಹುರಿ ಮೂಳೆಗೆ ಅಂಟುವ ಜಾಗದಲ್ಲೇ, ಹಿಮ್ಮಡಿಯ ಹಿಂಬದಿಯಲ್ಲಿ ನೋವಿರುತ್ತದೆ. ಅಂಥವರು ಮೆಟ್ಟಿಲ ಕೆಳಗೆ ಹಿಮ್ಮಡಿ ಇಳಿಸಬಾರದು. ಇಳಿಸಿದರೆ ಹುರಿ ಮೂಳೆಗೆ ಒತ್ತಿ ನೋವು ಹೆಚ್ಚುತ್ತದೆ. ಅವರು ಸಮನೆಲದ ಮೇಲೆಯೇ ಮಾಡಬೇಕು. ಮೀನಖಂಡ ಎಳೆದು ಹಿಗ್ಗಿಸುವ ಕಸರತ್ತೂ ಅವರಿಗೆ ಬೇಡ.

ಬೂಟಿನೊಳಗೆ ಹಿಮ್ಮಡಿ ಕೆಳಗೆ ಒಂದು ಸೆಂಟಿಮೀಟರ್ ರಬ್ಬರು ಹಾಕಿಸಲು ಹೇಳಿದರು, ಎರಡೂ ಕಾಲಿಗೆ. ಹಿಮ್ಮಡಿ ಎತ್ತರವಾದರೆ ಹುರಿಗೆ ಎಳೆತ ಕಡಿಮೆ. ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವವರು ಹತ್ತು ನಿಮಿಷದಲ್ಲಿ ಕತ್ತರಿಸಿ ಕೊಟ್ಟರು. ತೆಳು ಅಟ್ಟೆಯ ಹೊಸ ಬೂಟು ಅಟ್ಟ ಹತ್ತಿತು.

"ಮಾಡೂ ಮುಂದ ನೋವು ಬಂದ್ರ?" ಕಾಕಾ ಕೇಳಿದರು.

ಇದಕ್ಕೆ ಮೇಡಂ ಕೊಟ್ಟ ಉತ್ತರವನ್ನು ನೀವು ನೆನಪಿಡಬೇಕು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ತಡೆಯಲಾಗದ್ದು ಹತ್ತು. ವ್ಯಾಯಾಮದಲ್ಲಿ ಐದರವರೆಗೆ ಬಂದರೆ ಹೆದರಬೇಡಿ. ಆದರೆ ತೀರ್ಪು ಕೊಡುವುದು ಮರುದಿನದ ಬೆಳಗು. ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ನಿನ್ನೆಯಷ್ಟೇ ಬಿಗಿತ ಇದ್ದರೆ ಸರಿ, ಹೆಚ್ಚಾಗಿದ್ದರೆ ನಿನ್ನೆ ಮಾಡಿದ್ದು ಜಾಸ್ತಿಯಾಯಿತು ಅಂತ. ಆಗ ಪೂರ್ತಿ ಬಿಡಬಾರದು, ಒಂದು ಹಂತ ಇಳಿಸಬೇಕು.

ಇದು ಬಾಯಿ ಮಾತಲ್ಲ. 2007ರಲ್ಲಿ ಸ್ವೀಡನ್ನಿನ ಕರಿನ್ ಸಿಲ್ಬರ್ನಾಗೆಲ್ ಮತ್ತು ಜೊತೆಯವರು ಇದೇ ಅಳತೆಯನ್ನು ಇಟ್ಟುಕೊಂಡು ಪರೀಕ್ಷೆ ಮಾಡಿದ್ದರು. ಒಂದು ಗುಂಪು ಮೊದಲ ಆರು ವಾರ ಓಟ, ಜಿಗಿತ ನಿಲ್ಲಿಸಿತು. ಇನ್ನೊಂದು ಗುಂಪು ನೋವಿನ ಅಂಕ ನೋಡಿಕೊಂಡು ಮುಂದುವರಿಸಿತು. ವ್ಯಾಯಾಮ ಇಬ್ಬರಿಗೂ ಒಂದೇ. ಎರಡೂ ಗುಂಪು ಸುಧಾರಿಸಿದವು, ಓಡಿದವರಿಗೆ ಹಾನಿ ಕಾಣಲಿಲ್ಲ.

ಅದಕ್ಕೂ ಮುಂಚಿನ ಒಂದು ಕಥೆ ಕಾಕಾಗೆ ಬಹಳ ಹಿಡಿಸಿತು. ಸ್ವೀಡನ್ನಿನಲ್ಲೇ ಹಾಕಾನ್ ಆಲ್ಫ್ರೆಡ್‌ಸನ್ ಅಂತ ಮೂಳೆ ಡಾಕ್ಟರು. ಅವರೂ ಓಟಗಾರರು, ಅವರಿಗೂ ಇದೇ ನೋವು. ಶಸ್ತ್ರಚಿಕಿತ್ಸೆ ಮಾಡಿ ಅಂದರೆ ಮೇಲಿನವರು ಒಪ್ಪಲಿಲ್ಲವಂತೆ. ಹಾಗಾದರೆ ಹುರಿ ಕೆಡಿಸಿಕೊಂಡೇ ಬರುತ್ತೇನೆ, ಆಗ ಮಾಡಲೇಬೇಕು ಅಂತ ಹಟದಿಂದ ಬಾರ ಹೊತ್ತು ಹಿಮ್ಮಡಿ ಇಳಿಸುತ್ತ ಹೋದರಂತೆ. ಕೆಡುವ ಬದಲು ನೋವು ಹೋಯಿತು. 1998ರಲ್ಲಿ ಅವರು ಮತ್ತು ಜೊತೆಯವರು ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 15 ಓಟಗಾರರಿಗೆ ಇದನ್ನೇ ಮಾಡಿಸಿ ಬರೆದರು. ದಿನಕ್ಕೆ 180 ಸಲ, 12 ವಾರ. ಹದಿನೈದೂ ಜನ ಓಟಕ್ಕೆ ಮರಳಿದರು. ಮುಂದಿನ ಪರೀಕ್ಷೆಗಳಲ್ಲಿ ಎಲ್ಲರಿಗೂ ಅಷ್ಟು ಚೆನ್ನಾಗಿ ಆಗಲಿಲ್ಲ. 2015ರಲ್ಲಿ ಡೆನ್ಮಾರ್ಕಿನವರು ವಾರಕ್ಕೆ ಮೂರೇ ದಿನ, ಹೆಚ್ಚು ತೂಕದಲ್ಲಿ, ನಿಧಾನವಾಗಿ ಮಾಡಿದರೂ ಅಷ್ಟೇ ಫಲ ಅಂತ ತೋರಿಸಿದರು. ಮೇಡಂ ಕಾಕಾಗೆ ಈ ಎರಡನೆಯದನ್ನೇ ಕೊಟ್ಟಿದ್ದರು. ವಯಸ್ಸಾದ ಮೈಗೆ ನಡುವೆ ಒಂದು ದಿನ ಬಿಡುವು ಬೇಕು.

ಮನೆಗೆ ಬಂದ ಮೇಲೆ ಚಿಗವ್ವ ಹಳೇ ಟಪಾಲು ಚೀಲ ಹುಡುಕಿ ತೆಗೆದರು. ಖಾಕಿ ಬಣ್ಣ ಹೋಗಿ ಬೂದಿಯಾಗಿತ್ತು, ಪಟ್ಟಿ ಗಟ್ಟಿ ಇತ್ತು. ಮೂರನೇ ಹಂತಕ್ಕೆ ಬಂದಾಗ ಅದರಲ್ಲಿ ಎರಡು ಕಿಲೊ ಜೋಳ ಹಾಕಿದರು. ಆಮೇಲೆ ಐದು. ದಿನ ಬಿಟ್ಟು ದಿನ ಬೆಳಿಗ್ಗೆ ಕಾಕಾ ಟಪಾಲು ಚೀಲ ಹೆಗಲಿಗೆ ಹಾಕಿಕೊಂಡು ತಮ್ಮ ಕಟ್ಟೆಯ ಮೆಟ್ಟಿಲ ಮೇಲೆ ಏಳುತ್ತ ಇಳಿಯುತ್ತ ನಿಲ್ಲುತ್ತಿದ್ದರು. ಹೋಗಿ ಬರುವವರು, "ಕಾಕಾ, ಯಾರ ಮನಿ ಕಾಗದ?" ಅಂತ ಕೇಳುತ್ತಿದ್ದರು.

ಆರು ವಾರ ಕಳೆಯಿತು. ನೋವು ಹೋಗಲಿಲ್ಲ. ಬೆಳಗಿನ ಬಿಗಿತ ಅರ್ಧ ಗಂಟೆ ಇದ್ದದ್ದು ಹತ್ತು ನಿಮಿಷಕ್ಕೆ ಬಂದಿತ್ತು, ಆದರೆ ಕಾಕಾ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹುಬ್ಬಳ್ಳಿ ಓಟ ಹತ್ತಿರ ಬಂದಿತ್ತು. ಸೈಕಲ್ ಹೊಡೆಯಬಹುದು, ಸಮತಟ್ಟಿನಲ್ಲಿ ನಡೆಯಬಹುದು, ಓಡುವುದು ಮಾತ್ರ ಇನ್ನೂ ಬೇಡ ಅಂದಿದ್ದರು ಮೇಡಂ.

ಓಟಕ್ಕೆ ನಾಲ್ಕು ದಿನ ಇದ್ದಾಗ ಡೆಸ್ಕ್‌ನಿಂದ ನಮಗೆ ಫೋನ್ ಬಂತು. "ನಿಮ್ಮ ಆ ಓಡೋ ಕಾಕಾ ಹುಬ್ಬಳ್ಳಿಗೆ ಬರ್ತಾರಾ? ಫೋಟೊ ಸಮೇತ ಕಳಿಸಿ, ಒಳ್ಳೇ ಜಾಗ ಕೊಡ್ತೀವಿ." ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಆಸೆಯಾಯಿತು. ಆ ತಿಂಗಳು ನಮ್ಮ ಸುದ್ದಿ ಹೆಚ್ಚು ಬಂದಿರಲಿಲ್ಲ. ನಿಧಾನವಾಗಿ ಓಡಲಿ, ಮಧ್ಯೆ ನಡೆಯಲಿ, ಫೋಟೊಗೆ ಅಷ್ಟು ಸಾಕು ಅಂತ ಮನಸ್ಸು ಹೇಳಿತು.

ಸಂಜೆ ಕಾಕಾನ ಮನೆಗೆ ಹೋದೆವು. ಅವರು ಬೂಟಿಗೆ ಬಣ್ಣ ಹಾಕುತ್ತಿದ್ದರು.

"ಕಾಕಾ, ಈ ಸಲ ಬ್ಯಾಡ."

"ಯಾಕ?"

"ಮೇಡಂ ಬ್ಯಾಡ ಅಂದಾರಲ್ಲ."

ಕಾಕಾ ಬ್ರಷ್ ಕೆಳಗಿಟ್ಟರು. "ನೀನ ಬರದಿ ವಯಸ್ಸು ಬರೇ ಅಂಕಿ ಅಂತ. ಈಗ ನೀನ ಬ್ಯಾಡ ಅಂತಿ. ಊರ ಮಂದಿಗೆ ನಾ ಏನ್ ಹೇಳ್ಲಿ?"

ಉತ್ತರ ಇರಲಿಲ್ಲ. ಗೋಡೆಯ ಮೇಲೆ ನಾವು ಬರೆದ ಸುದ್ದಿ ಪ್ಲಾಸ್ಟಿಕ್ ಹಾಕಿಸಿ ಮೊಳೆ ಹೊಡೆದಿತ್ತು. ಅದರ ಕೆಳಗೇ ನಿಂತಿದ್ದೆವು. ಕೊನೆಗೆ ಇದ್ದದ್ದು ಇದ್ದಂತೆ ಹೇಳಿದೆವು. ಆ ಸಾಲು ನೀವು ಹೇಳಿದ್ದಲ್ಲ ಕಾಕಾ, ನಾವು ಸೇರಿಸಿದ್ದು. ನೀವು ಹೇಳಿದ್ದು ಸಕ್ಕರಿ ಕಡಿಮಿ ಆಗಲಿ ಅಂತ ಓಡ್ತೀನಿ ಅಂತ. ಅದು ನಮಗೆ ಸಪ್ಪೆ ಅನಿಸಿತ್ತು.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಚಿಗವ್ವ ಚಹಾ ತಂದಿಟ್ಟರು. "ಕುಡಿ, ಆರ್ತೈತಿ" ಅಂದರು ಕಾಕಾ, ಅಷ್ಟೇ. ಹುಬ್ಬಳ್ಳಿಗೆ ಹೋಗಲಿಲ್ಲ. ಆ ಭಾನುವಾರ ಟಪಾಲು ಚೀಲದಲ್ಲಿ ಏಳು ಕಿಲೊ ಜೋಳ ಇತ್ತು ಅಂತ ಚಿಗವ್ವ ಆಮೇಲೆ ಹೇಳಿದರು.

ಹನ್ನೆರಡನೇ ವಾರದಲ್ಲಿ ಮೇಡಂ ಮತ್ತೆ ಎಣಿಸಿದರು. ಬಲಗಾಲಲ್ಲಿ 16. ಎಡಗಾಲೂ ಮೇಲೇರಿ 20 ಮುಟ್ಟಿತ್ತು, ಅದಕ್ಕೂ ವ್ಯಾಯಾಮ ಮಾಡಿಸಿದ್ದರಿಂದ. ಆಗ ಜಿಗಿಯಲು ಕಲಿಸಿದರು. ಎರಡು ಕಾಲಲ್ಲಿ ಸಣ್ಣ ಜಿಗಿತ, ಹುಡುಗಿಯರು ಹಗ್ಗ ಜಿಗಿಯುವಂತೆ. ಆಮೇಲೆ ಒಂಟಿ ಕಾಲಲ್ಲಿ. ಓಟ ಅಂದರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಜಿಗಿಯುವುದೇ. ಜಿಗಿಯಲು ಬಾರದ ಕಾಲನ್ನು ಓಡಿಸಬಾರದು.

ಮಾರ್ಚ್‌ನಲ್ಲಿ ಓಟ ಶುರು. ಅರ್ಧ ಗಂಟೆ ನೋವಿಲ್ಲದೆ ಚುರುಕಾಗಿ ನಡೆದ ಮೇಲೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಮರುದಿನ ಓಟ ಇಲ್ಲ. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಕೆ. ಮತ್ತೆ ಮಣ್ಣಿನ ಏರಿ, ಹಳೇ ಕ್ಯಾನ್ವಾಸ್ ಬೂಟು, ಒಳಗೆ ರಬ್ಬರು. ಚೀಲದ ವ್ಯಾಯಾಮ ನಿಂತಿಲ್ಲ, ವಾರಕ್ಕೆ ಎರಡು ದಿನ ಇದೆ. ಅದು ಓಡುವವರೆಗೂ ಇರಬೇಕು ಅಂದಿದ್ದಾರೆ.

ಈಗ ಜೂನ್. ಕಾಕಾ ವಾರಕ್ಕೆ ಮೂರು ದಿನ ಮೂರು ಕಿಲೊಮೀಟರ್ ಓಡುತ್ತಾರೆ. ಬೆಳಿಗ್ಗೆ ಐದು ಹೆಜ್ಜೆ ಬಿಗಿತ ಇನ್ನೂ ಇದೆ. ದಪ್ಪ ಪೂರ್ತಿ ಇಳಿದಿಲ್ಲ, ಇಳಿಯದೆಯೂ ಇರಬಹುದಂತೆ, ಕೆಲಸಕ್ಕೆ ಅಡ್ಡಿಯಿಲ್ಲ. ಈ ನೋವು ಹೋಗಲು ಮೂರು ತಿಂಗಳು ಕಡಿಮೆ, ಆರು ತಿಂಗಳು ಸಾಮಾನ್ಯ, ಕೆಲವರಿಗೆ ವರ್ಷ.

ಓದುವ ನೀವು ಓಡುವವರೇ ಆಗಬೇಕಿಲ್ಲ. ಹೊಲದ ಬದುವಿನಲ್ಲಿ ಹತ್ತಿ ಇಳಿಯುವವರಿಗೂ, ದಿನವಿಡೀ ನಿಂತು ಕೆಲಸ ಮಾಡುವವರಿಗೂ ಇದು ಬರುತ್ತದೆ. ಕೆಲವು ಲಕ್ಷಣ ಕಂಡರೆ ಮಾತ್ರ ವ್ಯಾಯಾಮ ಅಂತ ಕೂರಬೇಡಿ. ಹಿಂದಿನಿಂದ ಯಾರೋ ಒದ್ದಂತೆ ಅನಿಸಿ, ಟಪ್ ಅಂತ ಸದ್ದಾಗಿ, ತುದಿಗಾಲಿನ ಮೇಲೆ ಏಳಲು ಆಗದಿದ್ದರೆ ಹುರಿ ಹರಿದಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಬೇಡಿ, ಅವತ್ತೇ ತೋರಿಸಿ. ಜ್ವರದ ಜೊತೆ ಹಿಮ್ಮಡಿ ಕೆಂಪಾಗಿ ಊದಿದರೂ ಅಷ್ಟೇ. ಉಳಿದವರು ಮೊದಲು ಒಮ್ಮೆ ಫಿಸಿಯೋಥೆರಪಿ ಬಲ್ಲವರಿಂದ ಒತ್ತಿ ನೋಡಿಸಿಕೊಂಡು ಶುರು ಮಾಡಿ, ನೋವು ಎಲ್ಲಿದೆ ಅನ್ನುವುದರ ಮೇಲೆ ವ್ಯಾಯಾಮ ಬೇರೆಯಾಗುತ್ತದೆ.

ನಾವೂ ಒಂದು ದಿನ ಕಾಕಾನ ಕಟ್ಟೆಯ ಮೇಲೆ ಎಣಿಸಿ ನೋಡಿದೆವು. ವಯಸ್ಸು 36, ದಿನವಿಡೀ ಗಾಡಿಯ ಮೇಲೆ. ಒಂದೇ ಕಾಲಲ್ಲಿ 14. ಕಾಕಾ ನಕ್ಕರು.

ಇದೆಲ್ಲವನ್ನೂ ಬರೆದು ಪೇಪರಿಗೆ ಕಳಿಸಿದ್ದೆವು. "ಓಟ ಮುಗಿಸಿದ್ರಾ? ಪದಕ ಬಂತಾ?" ಅಂತ ಕೇಳಿದರು. ಇಲ್ಲ ಅಂದೆವು. "ಹಂಗಾದ್ರೆ ಸುದ್ದಿ ಏನಿದೆ ಇದ್ರಲ್ಲಿ?" ಅಂದರು. ಅದಕ್ಕೇ ಇಲ್ಲಿ ಹಾಕಿದ್ದೇವೆ.

ನಿನ್ನೆ ಇದನ್ನು ಕಾಕಾಗೆ ಓದಿ ಹೇಳಿದೆವು. ಪೂರ್ತಿ ಕೇಳಿ, "ಜೋಳ ಏಳು ಕಿಲೊ ಅಲ್ಲ, ಎಂಟು" ಅಂದರು. ಇನ್ನೇನೂ ತಿದ್ದಲಿಲ್ಲ.